ಫಕ್ಕೀರವ್ವನ ತೋಳು

"ಮೇಡಂ, ಸತ್ತ ದೇಹ ಮೊದಲು ತಣ್ಣಗಾಗುತ್ತದೆ. ಆಮೇಲೆ ಸೆಟೆಯುತ್ತದೆ. ರಕ್ತ ತಗ್ಗಿನ ಕಡೆಗೆ ಇಳಿದು ಚರ್ಮ ನೀಲಿಗಟ್ಟುತ್ತದೆ. ಸೆಟೆತ ಬಿಟ್ಟ ಮೇಲೆ ಕೊಳೆಯುತ್ತದೆ. ಯಾವುದು ಎಷ್ಟು ಹೊತ್ತಿಗೆ ಎಂಬುದನ್ನೆಲ್ಲ ಬಾಯಿಪಾಠ ಮಾಡಿದ್ದೇನೆ. ಆದರೆ ಇದು ಹೆಣ ಹಾಳಾಗುವ ಬಗೆ, ಅಷ್ಟೇ ಅಲ್ಲವೇ? ಇದರಲ್ಲಿ ಮನುಷ್ಯರಿಗೆ ಸಂಬಂಧಪಟ್ಟದ್ದು ಏನಿದೆ?"

ಹೀಗೆ ಕೇಳಿದವನು ನ್ಯಾಯವೈದ್ಯಶಾಸ್ತ್ರ ಕಲಿಯಲು ಬಂದು ಎರಡು ತಿಂಗಳಾಗಿದ್ದ ಶಿಷ್ಯ. ಈ ವಿಷಯ ತನಗೆ ಆಗಿಬರುವುದಿಲ್ಲ, ಬಿಟ್ಟು ಬೇರೆ ವಿಭಾಗಕ್ಕೆ ಹೋಗಬೇಕು ಎಂಬ ಯೋಚನೆಯಲ್ಲಿದ್ದ. ಗುರು ಮೂವತ್ತು ವರ್ಷ ಅದೇ ವಿಷಯ ಕಲಿಸಿದವರು. ಅವರು ಕೈ ತೊಳೆದು ಬಂದು ಶವಾಗಾರದ ಹೊರಗಿನ ಕಟ್ಟೆಯ ಮೇಲೆ ಕುಳಿತರು. ಅವನಿಗೂ ಕುಳಿತುಕೊಳ್ಳಲು ಹೇಳಿದರು.

"ಒಂದು ಕತೆ ಹೇಳುತ್ತೇನೆ. ಹೆಸರುಗಳು ನಿಜವಲ್ಲ. ಉಳಿದದ್ದನ್ನು ನೀನೇ ತೂಗಿ ನೋಡು" ಎಂದರು.

ಒಂದು ನೇಕಾರರ ಊರು. ಅಲ್ಲಿ ಒಂದು ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದರು. ಅತ್ತೆ ದ್ಯಾಮವ್ವ, ಸೊಸೆ ಫಕ್ಕೀರವ್ವ. ಇಬ್ಬರ ನಡುವೆ ಇದ್ದವನು ಒಬ್ಬನೇ, ದ್ಯಾಮವ್ವನ ಮಗ. ಅವನು ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಫಕ್ಕೀರವ್ವ ತವರಿಗೆ ಹೋಗಬಹುದಿತ್ತು. ತಮ್ಮಂದಿರು ಬಂದು ಕರೆದರು. "ಮಗ್ಗದಾಗ ಅರ್ಧ ಸೀರಿ ಐತಿ, ಮುಗಿಸಿ ಬರ್ತೀನಿ" ಎಂದಳು. ಆ ಸೀರೆ ಮುಗಿಯಿತು. ಅವಳು ಇನ್ನೊಂದು ಹೂಡಿದಳು. ತಮ್ಮಂದಿರು ಮತ್ತೆ ಎರಡು ಸಲ ಬಂದರು, ಆಮೇಲೆ ಬರುವುದನ್ನು ಬಿಟ್ಟರು.

ಅತ್ತೆ ಸೊಸೆಗೆ ಆಗಿಬರುತ್ತಿತ್ತು ಎಂದಲ್ಲ. ಇಬ್ಬರ ನಾಲಿಗೆಯೂ ಹರಿತ. ರೊಟ್ಟಿ ದಪ್ಪವಾದರೆ ಜಗಳ, ತೆಳುವಾದರೆ ಜಗಳ. ಸೊಸೆ ಮಗ್ಗದ ಕುಣಿಯಲ್ಲಿ, ನೆಲದ ಗುಂಡಿಗೆ ಕಾಲಿಳಿಬಿಟ್ಟು ಕುಳಿತು ಬೈಯುವಳು, ಅತ್ತೆ ಒಲೆಯ ಮುಂದೆ ಕುಳಿತು ಉತ್ತರ ಕೊಡುವಳು. ಓಣಿಯವರಿಗೆ ಅದು ಮಗ್ಗದ ಸದ್ದಿನಷ್ಟೇ ರೂಢಿಯಾಗಿಹೋಗಿತ್ತು. ಒಂದು ದಿನ ಕೇಳಿಸದಿದ್ದರೆ, ಇಬ್ಬರಲ್ಲಿ ಯಾರಿಗೆ ಮೈಯಲ್ಲಿ ಹುಷಾರಿಲ್ಲವೋ ಎಂದು ವಿಚಾರಿಸುವರು.

ಎರಡು ವರ್ಷದ ಹಿಂದೆ ದ್ಯಾಮವ್ವ ಹಿತ್ತಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಮತ್ತೆ ಎದ್ದು ನಡೆಯಲಿಲ್ಲ. ಫಕ್ಕೀರವ್ವ ಅವಳ ಹಾಸಿಗೆಯನ್ನು ಮಗ್ಗದ ಪಕ್ಕಕ್ಕೆ ತಂದು ಹಾಕಿದಳು. ಅಂದಿನಿಂದ ಬೈಗುಳಕ್ಕೆ ಹೊತ್ತುಗೊತ್ತು ಇಲ್ಲದಂತಾಯಿತು. ನೆರೆಯವರು ಸರಿಹೊತ್ತಿನಲ್ಲಿ ಎಚ್ಚರವಾದಾಗಲೂ ಗೋಡೆಯಾಚೆಯಿಂದ ಸೊಸೆಯ ದನಿ ಕೇಳುತ್ತಿತ್ತು: "ಹೊಳ್ಳ ಮುದುಕಿ, ಈ ಕಡೆ ಹೊಳ್ಳು. ಕಲ್ಲಿನಂಗ ಬಿದ್ದೀಯಲ್ಲ." ಮುದುಕಿಯೂ ಬಿಡುತ್ತಿರಲಿಲ್ಲ. ಗಂಡನನ್ನು ತಿಂದವಳು, ಈಗ ತನ್ನನ್ನೂ ತಿನ್ನಲು ಕುಳಿತಿದ್ದಾಳೆ ಎನ್ನುವಳು.

ದ್ಯಾಮವ್ವನಿಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರನ್ನೂ ದೂರದ ಊರುಗಳಿಗೆ ಕೊಟ್ಟಿತ್ತು. ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು, ವರ್ಷಕ್ಕೆರಡು ಸಲ ಬಂದುಹೋಗುತ್ತಿದ್ದರು. ಅವರು ಒಳ್ಳೆಯವರೇ. ತಾಯಿಯನ್ನು ತನ್ನ ಮನೆಗೆ ಕರೆದೊಯ್ಯಬೇಕೆಂದು ಹಿರಿಯವಳು ಒಮ್ಮೆ ಗಾಡಿಯನ್ನೂ ತಂದಿದ್ದಳು. ದ್ಯಾಮವ್ವ ಒಲ್ಲೆ ಎಂದಳು. ಯಾಕೆ ಎಂದರೆ ಹೇಳಲಿಲ್ಲ. ಅತ್ತಿಗೆಗೆ ಹೆದರಿ ಹೇಳುತ್ತಿಲ್ಲ ಎಂದುಕೊಂಡು ಹಿರಿಯವಳು ದಾರಿಯುದ್ದಕ್ಕೂ ಅತ್ತುಕೊಂಡು ಹೋದಳು.

ಮಾಘ ಮಾಸದ ಚಳಿಯಲ್ಲಿ ದ್ಯಾಮವ್ವನ ಪಾದಗಳು ಬಾತವು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಎಬ್ಬಿಸಿ ಕೂರಿಸಿದರೆ ತುಸು ಆಡುತ್ತಿತ್ತು. ಆಸ್ಪತ್ರೆಗೆ ಹೋಗೋಣ ಎಂದರೆ ಮುದುಕಿ ಹಾಸಿಗೆಯ ಅಂಚನ್ನು ಹಿಡಿದುಕೊಂಡಳು. ನಾಲ್ಕು ದಿನ ಹೀಗೇ ಕಳೆಯಿತು. ಮಗ್ಗ ನಿಂತುಹೋಯಿತು. ಫಕ್ಕೀರವ್ವ ನಾದಿನಿಯರಿಗೆ ಫೋನು ಮಾಡಿ, ಬರುವುದಿದ್ದರೆ ಬೇಗ ಬರ್ರಿ ಎಂದಳು.

ಮರುದಿನ ಮಧ್ಯಾಹ್ನ ಇಳಿಹೊತ್ತಿಗೆ ಅವರು ಬಂದು ಕದ ತಟ್ಟಿದರು. ಕದ ತೆರೆಯುವುದು ತಡವಾಯಿತು. ಫಕ್ಕೀರವ್ವ ತೆರೆದಾಗ ಗೋಡೆ ಹಿಡಿದುಕೊಂಡು ನಿಂತಿದ್ದಳು, ಸೆರಗು ಅಸ್ತವ್ಯಸ್ತವಾಗಿತ್ತು.

ಒಳಗೆ ಚಾಪೆಯ ಮೇಲೆ ತಾಯಿ ಇದ್ದಳು. ಮಲಗಿದ್ದಳು ಎನ್ನುವ ಹಾಗಿರಲಿಲ್ಲ. ಮೊಣಕಾಲುಗಳು ಮಡಚಿದ್ದವು. ತಲೆ ದಿಂಬನ್ನು ಮುಟ್ಟದೆ ಮೇಲಕ್ಕೆ ನಿಂತಿತ್ತು. ಎಡಗೈ ಗಾಳಿಯಲ್ಲಿ ಎತ್ತಿದಂತೆ ಇತ್ತು, ಬೀಳುವ ಏಟನ್ನು ತಡೆಯಲು ಎತ್ತಿದ ಹಾಗೆ. ಮೈ ತಣ್ಣಗಿತ್ತು.

ಹೆಣ್ಣುಮಕ್ಕಳು ಅತ್ತು, ಆಮೇಲೆ ಮೈ ತೊಳೆಯಲೆಂದು ಬಟ್ಟೆ ಸರಿಸಿದರು. ಸೊಂಟದ ಸುತ್ತ, ತೊಡೆಯ ಅಡಿಯಲ್ಲಿ, ಕಣಕಾಲುಗಳಲ್ಲಿ ಚರ್ಮ ನೇರಳೆಯಾಗಿತ್ತು. ಬೆನ್ನಿನ ಮೇಲೂ ದೊಡ್ಡ ದೊಡ್ಡ ಕಲೆಗಳಿದ್ದವು. ಕಿರಿಯವಳು ಕೂಗಿಕೊಂಡಳು. ಓಣಿ ನೆರೆಯಿತು. ನೆರೆಮನೆಯವಳು, ಹಿಂದಿನ ರಾತ್ರಿ ಸೊಸೆ "ಸಾಯಿ" ಎಂದದ್ದನ್ನು ತಾನು ಕಿವಿಯಾರೆ ಕೇಳಿದ್ದೇನೆ ಎಂದಳು. ಅದು ಸುಳ್ಳಾಗಿರಲಿಲ್ಲ.

ಠಾಣೆಯಿಂದ ಫೌಜದಾರ ಬಂದ. ಹೆಣವನ್ನು ನೋಡಿದ, ಬರೆದುಕೊಂಡ, ಆಮೇಲೆ ಫಕ್ಕೀರವ್ವನನ್ನು ಕೇಳಿದ.

"ಮುದುಕಿಗೆ ಬಡದಿಯೇನು?"

ಅವಳು ಮುದುಕಿಯ ಎತ್ತಿದ ಕೈಯನ್ನೇ ನೋಡುತ್ತಿದ್ದಳು.

"ರಾತ್ರಿ ಸಾಯಿ ಅಂದಿದ್ದಿಯೇನು?"

"ಅಂದೀನ್ರಿ" ಎಂದಳು. "ಎರಡು ವರ್ಷ ದಿನಾ ಅಂದೀನಿ. ನಾ ಅಂದಂಗ ಆತು."

ಇಷ್ಟು ಸಾಕಾಯಿತು. ಅವಳನ್ನು ಠಾಣೆಗೆ ಕರೆದೊಯ್ದರು. ಹೆಣವನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸಿದರು.

ಆ ಆಸ್ಪತ್ರೆಯಲ್ಲಿ ಒಬ್ಬ ಯುವ ವೈದ್ಯೆ ಇದ್ದಳು. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಮರುದಿನ ಬೆಳಿಗ್ಗೆ ಶವಾಗಾರಕ್ಕೆ ಬಂದವಳು ಹೆಣವನ್ನು ನೋಡುವ ಮೊದಲು ಪೊಲೀಸರ ಕಾಗದವನ್ನು ಓದಿದಳು. ಅದರಲ್ಲಿ ಎಲ್ಲವೂ ಇತ್ತು. ಮೈಯೆಲ್ಲ ಬಾಸುಂಡೆ, ಏಟು ತಡೆಯಲು ಎತ್ತಿದ ಕೈ, ಸೊಸೆಯ ತಪ್ಪೊಪ್ಪಿಗೆ. ಓದಿ ಮುಗಿಸುವಷ್ಟರಲ್ಲಿ ಅವಳ ಮನಸ್ಸಿನಲ್ಲಿ ತೀರ್ಮಾನ ಆಗಿಹೋಗಿತ್ತು. ಹೊದಿಕೆ ತೆಗೆದಾಗ ಆ ಕೈಯನ್ನು ನೋಡಿದಳು. ಎಪ್ಪತ್ತು ದಾಟಿದ ಮುದುಕಿ, ಎದ್ದು ಓಡಲು ಕಾಲಿಲ್ಲದವಳು. ಆ ಸೊಸೆಯನ್ನು ತಾನು ಬಿಡುವುದಿಲ್ಲ ಎಂದುಕೊಂಡಳು.

ಶವಾಗಾರದಲ್ಲಿ ಕೆಲಸಕ್ಕಿದ್ದವನು ಮಲಿಕ್‌ಸಾಬ. ವಯಸ್ಸಾದವನು, ಮಾತು ಕಡಿಮೆ. ಸೆಟೆದ ಕೈಕಾಲುಗಳನ್ನು ಒತ್ತಿ ಮುರಿದು ನೇರ ಮಾಡುವುದು ಅವನ ದಿನದ ಕೆಲಸ. ಅಂದು ಅವನು ಮುದುಕಿಯ ಕೈಯನ್ನು ಹಿಡಿದು ಹಾಗೆಯೇ ನಿಂತ.

"ಇಳಿಸು ಮಲಿಕ್‌ಸಾಬ, ತಡ ಯಾಕೆ?" ಎಂದಳು ವೈದ್ಯೆ.

"ಇಳಸ್ತೀನ್ರಿ. ಆದ್ರ ಇಳಸೂಕಿಂತ ಮೊದ್ಲ ನೀವೊಮ್ಮಿ ನೋಡ್ರಿ. ಇದು ಬ್ಯಾಡ ಅಂತ ಎತ್ತಿದ ಕೈ ಅಲ್ರಿ. ಯಾವುದರ ಮ್ಯಾಲೋ ಇಟ್ಟ ಕೈ."

ವೈದ್ಯೆ ಹತ್ತಿರ ಹೋದಳು. ಅವನು ಹೇಳಿದ್ದು ನಿಜವಾಗಿತ್ತು. ಏಟು ತಡೆಯುವ ಕೈಯಲ್ಲಿ ಅಂಗೈ ಹೊರಗೆ ತಿರುಗಿರುತ್ತದೆ. ಇಲ್ಲಿ ಅಂಗೈ ಒಳಗೆ ತಿರುಗಿತ್ತು, ಬೆರಳುಗಳು ತುಸು ಬಾಗಿ ಬಟ್ಟಲಿನಂತಾಗಿದ್ದವು.

ಆಗ ಅವಳಿಗೆ ತಾನು ಓದಿದ್ದು ನೆನಪಾಯಿತು. ನೀನು ಬಾಯಿಪಾಠ ಮಾಡಿದ್ದೀಯಲ್ಲ, ಅದೇ. ಪ್ರಾಣ ಹೋದ ಗಳಿಗೆಯಲ್ಲಿ ದೇಹ ಸೆಟೆಯುವುದಿಲ್ಲ. ಮೊದಲು ಎಲ್ಲ ಸ್ನಾಯುಗಳೂ ಸಡಿಲಾಗುತ್ತವೆ. ಎತ್ತಿದ ಕೈ ಇದ್ದರೆ ಬಿದ್ದುಹೋಗುತ್ತದೆ. ಒಂದೆರಡು ತಾಸಾದ ಮೇಲೆ ಸೆಟೆಯಲು ತೊಡಗಿ, ಹತ್ತು ಹನ್ನೆರಡು ತಾಸಿನೊಳಗೆ ಪೂರ್ತಿ ಬಿಗಿಯಾಗುತ್ತದೆ. ಹಾಗಿದ್ದ ಮೇಲೆ ಈ ಕೈ ಗಾಳಿಯಲ್ಲಿ ನಿಲ್ಲಬೇಕಾದರೆ, ಸಡಿಲವಾಗಿದ್ದ ಹೊತ್ತಿನಿಂದ ಬಿಗಿಯಾಗುವ ತನಕ ಅದರ ಅಡಿಯಲ್ಲಿ ಏನೋ ಇದ್ದಿರಬೇಕು. ಮೊಣಕಾಲಿನ ಅಡಿಯಲ್ಲೂ ಇದ್ದಿರಬೇಕು. ತಲೆಯ ಅಡಿಯಲ್ಲೂ.

"ಮುರಿಯಬೇಡ" ಎಂದಳು. ಇಬ್ಬರೂ ಸೇರಿ ಹೆಣವನ್ನು ಮಗ್ಗುಲಾಗಿಸಿದರು.

ನೇರಳೆ ಬಣ್ಣ ಇತ್ತು. ವೈದ್ಯೆ ಒಂದು ಕಡೆ ಸಣ್ಣದಾಗಿ ಕೊಯ್ದು ನೀರು ಬಿಟ್ಟಳು. ರಕ್ತ ತೊಳೆದುಕೊಂಡು ಹೋಯಿತು, ಅಡಿಯ ಮಾಂಸ ಶುಭ್ರವಾಗಿ ಉಳಿಯಿತು. ಏಟು ಬಿದ್ದ ಜಾಗದಲ್ಲಿ ರಕ್ತ ಮಾಂಸದೊಳಕ್ಕೆ ಸೇರಿಕೊಂಡಿರುತ್ತದೆ, ತೊಳೆದರೆ ಹೋಗುವುದಿಲ್ಲ. ಇನ್ನೊಂದು ಕಡೆ ಕೊಯ್ದಳು, ಮತ್ತೊಂದು ಕಡೆ ಕೊಯ್ದಳು. ಎಲ್ಲಿಯೂ ಏಟಿರಲಿಲ್ಲ. ಅದು ಸತ್ತ ಮೇಲೆ ತನ್ನ ಭಾರಕ್ಕೆ ತಾನೇ ಕೆಳಗಿಳಿದು ನಿಂತ ರಕ್ತ. ಸೊಂಟ, ತೊಡೆ, ಕಣಕಾಲು, ಪಾದ. ಅರ್ಧ ಕುಳಿತಂತೆ ಒರಗಿದವರಲ್ಲಿ ಇಳಿಯುವ ಜಾಗಗಳೇ ಅವು.

ಒತ್ತಡ ಇದ್ದ ಕಡೆ ರಕ್ತ ಇಳಿಯುವುದಿಲ್ಲ, ಅಲ್ಲಿ ಚರ್ಮ ಬಿಳುಪಾಗಿಯೇ ಉಳಿಯುತ್ತದೆ. ನೆಲಕ್ಕೆ ಒರಗಿದ ಹೆಣದ ಭುಜಗಳಲ್ಲಿ, ಬೆನ್ನಿನಲ್ಲಿ ಅಗಲವಾದ ಬಿಳಿ ಜಾಗಗಳು ಇರುತ್ತವೆ. ಈ ಬೆನ್ನಿನಲ್ಲಿ ಅವು ಇರಲಿಲ್ಲ. ನೇರಳೆಯ ನಡುವೆ ಬಲದಿಂದ ಎಡಕ್ಕೆ ಓರೆಯಾಗಿ ಒಂದು ಬಿಳಿ ಪಟ್ಟಿ ಇತ್ತು. ಒಂದು ಕಡೆ ಅಗಲ, ಇನ್ನೊಂದು ಕಡೆಗೆ ಬರುತ್ತ ಸಣ್ಣ. ಎಡ ಪಕ್ಕೆಯ ಹತ್ತಿರ ಅದು ನಾಲ್ಕಾಗಿ ಒಡೆದಿತ್ತು.

ಅವಳಿಗೆ ಒಂದು ಕ್ಷಣ ತಿಳಿಯಲಿಲ್ಲ. ಮಲಿಕ್‌ಸಾಬ ತನ್ನ ಎಡಗೈಯನ್ನು ಚಾಚಿ, ಮುಟ್ಟದೆ, ಆ ಪಟ್ಟಿಯ ಮೇಲೆ ಹಿಡಿದು ತೋರಿಸಿದ. ಮೊಣಕೈ, ಮುಂಗೈ, ನಾಲ್ಕು ಬೆರಳು.

ವೈದ್ಯೆ ಹೆಬ್ಬೆರಳಿನಿಂದ ನೇರಳೆ ಚರ್ಮವನ್ನು ಒತ್ತಿದಳು. ಬಣ್ಣ ಕದಲಲಿಲ್ಲ. ಮೊದಲ ಕೆಲವು ತಾಸುಗಳಲ್ಲಾದರೆ ಒತ್ತಿದಲ್ಲಿ ಬಿಳಿಚಿಕೊಳ್ಳುತ್ತದೆ, ಹೆಣವನ್ನು ಹೊರಳಿಸಿದರೆ ರಕ್ತವೂ ಹೊರಳುತ್ತದೆ, ಹಿಂದಿನ ಗುರುತು ಅಳಿಸಿಹೋಗುತ್ತದೆ. ಗುರುತು ಹೀಗೆ ಉಳಿಯಬೇಕಾದರೆ ಎಂಟು ಒಂಬತ್ತು ತಾಸು ಬೇಕು. ಅಷ್ಟು ಹೊತ್ತು ಯಾರೋ ಈ ಹೆಣವನ್ನು ತೋಳಿನ ಮೇಲೆ ಹೊತ್ತು ಕುಳಿತಿದ್ದಾರೆ. ತೋಳನ್ನು ಒಮ್ಮೆಯೂ ಬದಲಿಸಿಲ್ಲ.

ಆಮೇಲೆ ಅವಳು ಉಳಿದದ್ದನ್ನೂ ನೋಡಿದಳು. ಮೊದಲೇ ನೋಡಬೇಕಾಗಿದ್ದದ್ದು ಅದು. ಎರಡು ವರ್ಷ ಹಾಸಿಗೆ ಹಿಡಿದ ದೇಹ. ಸೊಂಟದಲ್ಲಿ ಹಾಸಿಗೆ ಹುಣ್ಣು ಇಲ್ಲ. ಹಿಮ್ಮಡಿಯಲ್ಲಿ ಇಲ್ಲ. ಮೊಣಕೈಯಲ್ಲಿ ಇಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ದಾದಿಯರಿದ್ದೂ ತಡೆಯಲಾಗದ ಹುಣ್ಣು ಅದು. ಎರಡೆರಡು ತಾಸಿಗೆ ಒಮ್ಮೆ ಮಗ್ಗುಲು ಬದಲಿಸಿದರೆ ಮಾತ್ರ ಬರುವುದಿಲ್ಲ, ಹಗಲು ರಾತ್ರಿ ಎನ್ನದೆ ಬದಲಿಸಬೇಕು. ಕಾಗದದಲ್ಲಿ ನೆರೆಯವಳ ಹೇಳಿಕೆ ಇತ್ತು: ರಾತ್ರಿ ಹೊತ್ತಿನಲ್ಲೂ ಹೊಳ್ಳು ಹೊಳ್ಳು, ಹೊರಳಿ ಮಲಗು ಎಂದು ಗದರಿಸಿ ಮುದುಕಿಗೆ ನಿದ್ದೆ ಮಾಡಗೊಡುತ್ತಿರಲಿಲ್ಲ. ವೈದ್ಯೆ ಆ ಸಾಲನ್ನು ಮತ್ತೊಮ್ಮೆ ಓದಿದಳು.

ಎದೆಯನ್ನು ತೆರೆದಾಗ ಸಾವಿನ ಕಾರಣ ಸಿಕ್ಕಿತು. ಹೃದಯ ದಣಿದು ಹಿಗ್ಗಿತ್ತು, ಶ್ವಾಸಕೋಶಗಳಲ್ಲಿ ನೀರು ತುಂಬಿತ್ತು. ಅಂಥವರಿಗೆ ಮಲಗಿದರೆ ಮುಳುಗಿದಂತಾಗುತ್ತದೆ. ಯಾರಾದರೂ ಒರಗಿಸಿಕೊಂಡು ಕುಳಿತರೆ ಮಾತ್ರ ಉಸಿರು.

ಕೆಲಸ ಮುಗಿಸಿ ಅವಳು ಹೊರಗೆ ಬಂದು ಫೌಜದಾರನಿಗೆ, ಆ ಸೊಸೆಯನ್ನು ಇಲ್ಲಿಗೆ ಕರೆಸಿ, ಹೆಣ್ಣುಮಕ್ಕಳನ್ನೂ ಕರೆಯಿರಿ ಎಂದಳು.

ಫಕ್ಕೀರವ್ವ ಬಂದಳು. ಆಸ್ಪತ್ರೆಯ ಪಡಸಾಲೆಯ ಒಂದು ಕಂಬದ ಹತ್ತಿರ ನಿಂತಳು. ನಾದಿನಿಯರು ಇನ್ನೊಂದು ಕಂಬದ ಹತ್ತಿರ, ಮುಖ ತಿರುಗಿಸಿಕೊಂಡು.

"ಅತ್ತೆಯನ್ನು ಹೇಗೆ ಹಿಡಿದುಕೊಂಡಿದ್ದಿರಿ? ತೋರಿಸುತ್ತೀರಾ?" ಎಂದಳು ವೈದ್ಯೆ.

ಹೊಡೆದೆಯಾ ಎಂದು ಅವಳನ್ನು ಎಲ್ಲರೂ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಅವಳು ವೈದ್ಯೆಯನ್ನು ನೋಡಿದಳು. ಆಮೇಲೆ ನೆಲಕ್ಕೆ ಕುಳಿತು ಕಂಬಕ್ಕೆ ಬೆನ್ನು ಕೊಟ್ಟಳು. ಒಂದು ಮೊಣಕಾಲನ್ನು ಎತ್ತಿ ಮಡಚಿದಳು, ಮುದುಕಿಯ ಕಾಲುಗಳಿಗೆ ಆಸರೆಯಾಗಿ. ಎಡತೋಳನ್ನು ಓರೆಯಾಗಿ ಚಾಚಿ ಬೆರಳುಗಳನ್ನು ಬಿಡಿಸಿದಳು. ತಲೆಯನ್ನು ತುಸು ಬಲಕ್ಕೆ ವಾಲಿಸಿದಳು, ಎಡಭುಜದ ಮೇಲೆ ಒಂದು ಕೈಗೆ ಜಾಗ ಬಿಟ್ಟ ಹಾಗೆ. ತೋಳಿನಲ್ಲಿ ಏನೂ ಇರಲಿಲ್ಲ. ಆದರೂ ಅದು ಭಾರಕ್ಕೆ ಜಗ್ಗಿದಂತೆ ಇತ್ತು.

ಹಿರಿಯ ಮಗಳು ಮುಖ ತಿರುಗಿಸಿ ನೋಡಿದಳು.

"ಎಷ್ಟು ಹೊತ್ತು ಹೀಗೆ ಕುಳಿತಿದ್ದಿರಿ?"

"ಹೊತ್ತು ಹುಟ್ಟಿದಾಗಿಂದ ಇವ್ರು ಬಂದು ಕದಾ ಬಡಿಯೂ ತನಕಾರಿ. ನಾಕ ದಿನಾ ಆಗಿತ್ತು ಅಕಿಗೆ ನಿದ್ದಿ ಇಲ್ಲದ. ರಾತ್ರಿ ನನಗೂ ಸಾಕಾಗಿ, ಸಾಯಾರೆ ಸಾಯಿ ಅಂದೆ. ಹೊತ್ತು ಹುಟ್ಟೂ ಮುಂದ ಉಸುರು ಸಣ್ಣಾತು. ಜರಾ ಕಣ್ಣು ಹತ್ತೇತಿ ಅನಕೊಂಡೆ. ಅಳ್ಳಾಡಿದ್ರ ಎಚ್ಚರಾಕ್ಕಾಳಂತ ಹಂಗ ಕುಂತೆ."

"ಮೈ ತಣ್ಣಗಾದದ್ದು ಗೊತ್ತಾಗಲಿಲ್ಲವೇ?"

"ಗೊತ್ತಾತ್ರಿ."

"ಮತ್ತೆ ಕೆಳಗೆ ಮಲಗಿಸಲಿಲ್ಲ ಯಾಕೆ?"

ಫಕ್ಕೀರವ್ವ ತನ್ನ ಬರಿ ತೋಳನ್ನು ನೋಡಿಕೊಂಡಳು.

"ಕೆಳಗ ಇಳಿಸಿದ್ರ ಸತ್ತಾಳ ಅಂತಾಕ್ಕೈತಲ್ರಿ. ಇನ್ನೊಂಚೂರು ಇರ್ಲಿ ಅನಕೊಂಡೆ. ಆಮ್ಯಾಲೂ ಇನ್ನೊಂಚೂರು ಅನಕೊಂಡೆ. ಹಂಗ ಹೊತ್ತು ಹೋತು."

ಫೌಜದಾರ ಬರೆಯುವುದನ್ನು ನಿಲ್ಲಿಸಿದ. ಅವನು ಕೆಟ್ಟವನಾಗಿರಲಿಲ್ಲ. ಹೀಗಿದ್ದ ಮೇಲೆ ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದ.

"ಏನಂತ ಹೇಳ್ಳಿರಿ? ಬೈದದ್ದು ಖರೆ ಐತಿ. ಸಾಯಿ ಅಂದದ್ದು ಖರೆ ಐತಿ. ನನ್ನ ಬಾಯಾಗಿಂದ ಬಿದ್ದದ್ದ ಅಕಿನ್ನ ತಿಂತು."

ವೈದ್ಯೆ ಅವಳ ಎದುರು ನೆಲಕ್ಕೆ ಕುಳಿತಳು. ಶವಪರೀಕ್ಷೆಯ ಮಾತನ್ನು ಹೀಗೆ ನೆಲದ ಮೇಲೆ ಕುಳಿತು ಹೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

"ಫಕ್ಕೀರವ್ವ, ನಾನು ನಿಮ್ಮ ಅತ್ತೆಯ ಮೈಯನ್ನು ತಲೆಯಿಂದ ಕಾಲಿನವರೆಗೆ ನೋಡಿದೆ. ಒಳಗೂ ನೋಡಿದೆ. ನಿಮ್ಮ ಬೈಗುಳ ಎಲ್ಲಿಯೂ ಇಲ್ಲ. ನಿಮ್ಮ ತೋಳು ಇದೆ."

ಫಕ್ಕೀರವ್ವ ಅಲ್ಲಿಯತನಕ ಅತ್ತಿರಲಿಲ್ಲ. ಆಗ ಅತ್ತಳು. ಚಾಚಿದ ತೋಳನ್ನು ಮಡಚದೆ ಅತ್ತಳು.

ಮಧ್ಯಾಹ್ನದ ಹೊತ್ತಿಗೆ ಹೆಣವನ್ನು ಮನೆಗೆ ಕೊಟ್ಟರು. ಕಳಿಸುವಾಗ ವೈದ್ಯೆ ಹಿರಿಯ ಮಗಳನ್ನು ಕರೆದು, "ಕೈಯನ್ನು ಯಾರೂ ಒತ್ತಿ ಮುರಿಯಬೇಡಿ. ಸಂಜೆಯೊಳಗೆ ತಾನಾಗಿ ಇಳಿಯುತ್ತದೆ" ಎಂದಳು. ಮಲಿಕ್‌ಸಾಬ ಹೊಲಿಗೆಯನ್ನು ಸಣ್ಣದಾಗಿ ಹಾಕಿದ್ದ. ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದ.

ಅವರದು ಕೂರಿಸಿ ಮಣ್ಣು ಮಾಡುವ ಪದ್ಧತಿ. ಮಗ್ಗದ ಮನೆಯಲ್ಲಿ ದ್ಯಾಮವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಮಡಚಿದ ಮೊಣಕಾಲುಗಳನ್ನು ಯಾರೂ ನೇರ ಮಾಡಬೇಕಾಗಲಿಲ್ಲ. ಕೈ ಮಾತ್ರ ಎತ್ತಿಯೇ ಇತ್ತು. ಬಂದ ಹಿರಿಯರು, ಹೊತ್ತು ಮುಳುಗುವ ಮೊದಲು ಮುಗಿಸಬೇಕು, ಕೈಯನ್ನು ಒತ್ತಿ ಇಳಿಸಿ ಎಂದರು.

"ಇಳಿತೈತಿ. ತಡೀರಿ" ಎಂದಳು ಹಿರಿಯ ಮಗಳು.

ಎಲ್ಲರೂ ಹೊರಗೆ ಕಟ್ಟೆಯ ಮೇಲೆ ಕುಳಿತರು. ಒಳಗೆ ಮೂವರು ಹೆಂಗಸರು ಉಳಿದರು. ಹೆಣ್ಣುಮಕ್ಕಳು ತಾಯಿಯ ಎರಡು ಮಗ್ಗುಲಿಗೆ ಕುಳಿತರು, ಫಕ್ಕೀರವ್ವ ಮಗ್ಗದ ಹತ್ತಿರ ದೂರದಲ್ಲಿ. ಓಣಿಯಲ್ಲಿ ಅಂದು ಯಾರೂ ಮಗ್ಗ ಹೂಡಿರಲಿಲ್ಲ. ನೆರೆಮನೆಯವಳು ಒಂದು ಚೆಂಬು ನೀರು ತಂದು ಹೊಸ್ತಿಲಲ್ಲಿಟ್ಟು, ಒಳಗೆ ಬರದೆ ಹಿಂದಿರುಗಿದಳು.

ಬಹಳ ಹೊತ್ತು ಏನೂ ಆಗಲಿಲ್ಲ. ಕಿರಿಯವಳು ಒಮ್ಮೆ, ಅವ್ವ ಏನಾದರೂ ತಿಂದಿದ್ದಳೇ ಎಂದು ಯಾರನ್ನೂ ನೋಡದೆ ಕೇಳಿದಳು. ಮೊನ್ನೆ ರಾತ್ರಿ ಎರಡು ಚಮಚ ಗಂಜಿ ಎಂದಳು ಫಕ್ಕೀರವ್ವ. ಸಪ್ಪಗೈತಿ ಅಂತ ಬೈದಳು ಎಂದೂ ಹೇಳಿದಳು. ಕಿರಿಯವಳಿಗೆ ನಗು ಬಂತು, ಕೂಡಲೇ ಅಳುವೂ ಬಂತು.

ಕತ್ತು ಮೊದಲು ಸಡಿಲಾಯಿತು. ತಲೆ ಮೆಲ್ಲಗೆ ಗೋಡೆಗೆ ಒರಗಿತು. ಇಳಿಹೊತ್ತಿಗೆ ಭುಜ ಸಡಿಲಾಯಿತು, ಆಮೇಲೆ ಮೊಣಕೈ. ಯಾವಾಗ ಎಂದು ಹೇಳಲಾಗದಷ್ಟು ನಿಧಾನವಾಗಿ ಆ ಕೈ ತಗ್ಗುತ್ತ ಬಂದು ಎಡಕ್ಕೆ ಕುಳಿತಿದ್ದ ಹಿರಿಯ ಮಗಳ ಭುಜವನ್ನು ಮುಟ್ಟಿತು.

ನಿನ್ನ ಪುಸ್ತಕದಲ್ಲಿ ಇದಕ್ಕೆ ಏನೆಂದು ಬರೆದಿದೆಯೋ ನನಗೆ ಗೊತ್ತು. ಸೆಟೆತ ಬಿಟ್ಟಿತು ಎಂದರೆ ಒಳಗೆ ಕೊಳೆಯುವುದು ಶುರುವಾಯಿತು ಎಂದರ್ಥ. ಅದು ಸರಿಯೇ. ಆ ಮನೆಯಲ್ಲಿ ಹಿರಿಯವಳು, "ಅವ್ವ ಕೈ ಇಳಿಸಿದಳು" ಎಂದಳು. ಅದೂ ಸರಿಯೇ.

ಅವಳು ಆ ಕೈಯನ್ನು ತನ್ನ ಭುಜದ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡಳು. ಎಷ್ಟು ಹಗುರವಾಗಿದೆ ಎಂದು ಅವಳಿಗೆ ಆಶ್ಚರ್ಯವಾಯಿತು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಎದ್ದು, ತಾನು ಕುಳಿತಿದ್ದ ಜಾಗವನ್ನು ಬಿಟ್ಟಳು.

"ಅತ್ತಿಗೀ, ಬಾ. ಇಲ್ಲಿ ನೀ ಕುಂದ್ರು" ಎಂದಳು.

ಫಕ್ಕೀರವ್ವ ಬಂದು ಕುಳಿತಳು. ಹೊರಗಿನಿಂದ ಕರೆಯುವ ತನಕ ಅತ್ತೆಯ ಕೈ ಅವಳ ಭುಜದ ಮೇಲಿತ್ತು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಪ್ರಾಮಾಣಿಕನಾಗಿದ್ದ, ಆದ್ದರಿಂದ ತನಗೆ ಅನ್ನಿಸಿದ್ದನ್ನು ಬಚ್ಚಿಡಲಿಲ್ಲ.

"ಮೇಡಂ, ಕತೆ ಕೇಳಿ ನನಗೂ ಸಂಕಟವಾಯಿತು. ಆದರೆ ಕೈ ನಿಂತದ್ದು ಸ್ನಾಯುವಿನ ನಿಯಮದಿಂದ. ಇಳಿದದ್ದೂ ಅದೇ ನಿಯಮದಿಂದ. ಒತ್ತಿದ ಕಡೆ ರಕ್ತ ಇಳಿಯಲಿಲ್ಲ, ಅದು ರಕ್ತದ ನಿಯಮ. ತೋಳಿನ ಬದಲು ಒಂದು ಮರದ ತುಂಡು ಇದ್ದಿದ್ದರೂ ಬಿಳಿ ಗುರುತು ಹಾಗೆಯೇ ಬೀಳುತ್ತಿತ್ತು."

"ಬೀಳುತ್ತಿತ್ತು" ಎಂದರು ಗುರು. "ರಕ್ತ ಇಳಿಯದೆ ನಿಂತದ್ದು ರಕ್ತದ ನಿಯಮದಿಂದ, ಒಪ್ಪಿದೆ, ಆ ತೋಳು ಒಂಬತ್ತು ತಾಸು ಅಲ್ಲಿಯೇ ಇದ್ದದ್ದು ಯಾವ ನಿಯಮದಿಂದ?"